ಪೀಣ್ಯದ ಹಳದಿ ನೀರು: ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವ ಮೇಷ್ಟ್ರು. ಮನೆ ಪೀಣ್ಯಕ್ಕೆ ಹತ್ತಿರ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಬಿಳಿ ಪ್ಲಾಸ್ಟಿಕ್ ಬಕೆಟ್ ಹಿಡಿದು ಗೇಟಿನ ಹತ್ತಿರ ಬಂದರು. "ಮೇಷ್ಟ್ರೇ, ನಮ್ಮ ಬೋರಿನ ನೀರು ನೋಡಿ, ಅರಿಶಿನ ಕದಡಿದಂಗೆ ಐತೆ" ಅಂದರು. ಅಷ್ಟು ದಿನ ಸ್ಟೀಲ್ ಕೊಡಕ್ಕೆ ಹಿಡಿಯುತ್ತಿದ್ದರಂತೆ, ಗೊತ್ತೇ ಆಗಿರಲಿಲ್ಲ. ಮೊಮ್ಮಗಳಿಗೆ ಅಂತ ಹೊಸ ಬಕೆಟ್ ತಂದು ನೀರು ಬಿಟ್ಟಾಗ ಬಣ್ಣ ಕಂಡಿತು. ಕೆಸರಿಲ್ಲ, ವಾಸನೆ ಇಲ್ಲ. ತಳ ಕಾಣುವಷ್ಟು ತಿಳಿ. ಆದರೆ ಹಳದಿ.

ಒಂದು ಬಾಟಲಿ ತುಂಬಿಕೊಂಡು ಲ್ಯಾಬಿಗೆ ಹೋದೆ. ನನಗೆ ಅನುಮಾನ ಬಂದದ್ದು ಕ್ರೋಮಿಯಂ-6 ಮೇಲೆ, ಅಂದರೆ ಕ್ರೋಮಿಯಂ ಎಂಬ ಲೋಹದ ವಿಷಕಾರಿ ರೂಪದ ಮೇಲೆ. ಅದರ ಪರೀಕ್ಷೆ ಬಹಳ ಸುಲಭ. ನೀರಿಗೆ ಚೂರು ಆಮ್ಲ ಹಾಕಿ, ಡೈಫಿನೈಲ್ ಕಾರ್ಬಜೈಡ್ ಎಂಬ ದ್ರಾವಣ ಸ್ವಲ್ಪ ಬಿಟ್ಟರೆ ಸಾಕು. ಕ್ರೋಮಿಯಂ-6 ಇದ್ದರೆ ನೀರು ಬಣ್ಣ ತಿರುಗುತ್ತದೆ. ಬಿಡುವುದೇ ತಡ, ಟ್ಯೂಬಿನಲ್ಲಿ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಬಂತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಹೇಳುತ್ತದೆ. ಅಷ್ಟು ಕಡಿಮೆ ಇದ್ದರೆ ಕಣ್ಣಿಗೆ ಹಳದಿ ಕಾಣುವುದೇ ಇಲ್ಲ. ಬಕೆಟ್‌ನಲ್ಲಿ ಹಳದಿ ಕಾಣುತ್ತಿದೆ ಅಂದರೆ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ ಅಂತಲೇ ಅರ್ಥ. ಕಾಯಿಸಿ ಕುಡಿದರೆ ಸರಿಹೋಗುತ್ತಾ ಅಂತ ಅಜ್ಜಿ ಕೇಳಿದರು. ಇಲ್ಲ. ಕಾಯಿಸಿದಷ್ಟೂ ನೀರು ಆವಿಯಾಗುತ್ತದೆ, ಕ್ರೋಮಿಯಂ ಅಲ್ಲೇ ಉಳಿಯುತ್ತದೆ.

ಬೋರ್ ನಿಲ್ಲಿಸಿ ಬಾಯಿಗೆ ಮುಚ್ಚಳ ಹಾಕಿಸಿದರು. ಟ್ಯಾಂಕರ್ ನೀರು ಬರತೊಡಗಿತು. "ಮುಗೀತು ಬಿಡಿ ಮೇಷ್ಟ್ರೇ, ಇನ್ನು ಆ ನೀರು ನಮ್ಮದಲ್ಲ" ಅಂದರು ಬೀದಿಯವರು. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಈಗಲೇ ಬರೆಯಲು ಕಾರಣವೂ ಇದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಲಿನಗೊಂಡ ಜಾಗಗಳ ನಿರ್ವಹಣೆಗೆಂದೇ ಹೊಸ ನಿಯಮ ತಂದಿದೆ. ಅನುಮಾನವಿರುವ ಜಾಗಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಮಂಡಳಿ ಅದನ್ನು ಪರೀಕ್ಷಿಸಬೇಕು. ತಜ್ಞರು ಸ್ವಚ್ಛತೆಯ ಯೋಜನೆ ಮಾಡಬೇಕು. ಮಲಿನ ಮಾಡಿದವರು ಯಾರೆಂದು ಹುಡುಕಿ ಖರ್ಚನ್ನು ಅವರಿಂದಲೇ ವಸೂಲು ಮಾಡಬೇಕು. ಇಷ್ಟು ದಿನ ಯಾರ ಕೆಲಸ ಅಂತಲೇ ಗೊತ್ತಿಲ್ಲದ ವಿಷಯ ಈಗ ನಿಮ್ಮ ಮೇಜಿನ ಮೇಲೆ ಬಂದು ಕೂತಿದೆ. ನೀವು ಮಾಡುವ ಯೋಜನೆಯಲ್ಲಿ ಒಂದು ವಿಷಯ ಸೇರಲಿ ಅನ್ನುವುದೇ ನನ್ನ ಕೋರಿಕೆ. ಆ ಹಳದಿ ನೀರಿನ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಅದನ್ನು ಸರಿಮಾಡಬಲ್ಲ ಬ್ಯಾಕ್ಟೀರಿಯಾಗಳಿವೆ. ಮೊದಲು ಅವನ್ನು ಲೆಕ್ಕ ಹಾಕಿ.

ಬ್ಯಾಕ್ಟೀರಿಯಾ ಅಂದರೆ ಕಾಯಿಲೆ ಅಂತಲೇ ನಮ್ಮ ಜನರ ತಲೆಯಲ್ಲಿ ಕೂತಿದೆ. ಆದರೆ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬುವುದು ಅವುಗಳಿಂದಲೇ ಅಲ್ವಾ? ಚಳಿಗಾಲದಲ್ಲಿ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಸೆಖೆಗಾಲದಲ್ಲಿ ಉಕ್ಕಿ ಹರಿಯುತ್ತದೆ. ನೆಲದೊಳಗೂ ಹೀಗೆಯೇ. ಬಿಸಿ, ತೇವ, ಊಟ ಹದವಾಗಿದ್ದರೆ ಕೆಲಸ ಜೋರು. ಇಲ್ಲದಿದ್ದರೆ ನಿಧಾನ.

ಅವು ಮಾಡುವುದೇನು? ನಮ್ಮ ಹಾಗೆ ಅವಕ್ಕೂ ಊಟ ಬೇಕು, ಉಸಿರೂ ಬೇಕು. ಊಟ ಅಂದರೆ ಕಾರ್ಬನ್ ಇರುವ ಏನಾದರೂ ಆಯಿತು. ಊಟದಿಂದ ಎಲೆಕ್ಟ್ರಾನ್ ಕಿತ್ತು, ಆ ದಾರಿಯಲ್ಲಿ ಶಕ್ತಿ ಪಡೆಯುತ್ತವೆ. ಕಿತ್ತ ಎಲೆಕ್ಟ್ರಾನನ್ನು ಕೊನೆಗೆ ಯಾರ ಕೈಗಾದರೂ ದಾಟಿಸಬೇಕು. ನಾವು ಆಮ್ಲಜನಕದ ಕೈಗೆ ದಾಟಿಸುತ್ತೇವೆ, ಉಸಿರಾಡುವುದೇ ಅದಕ್ಕೆ. ನೆಲದಾಳದಲ್ಲಿ ಆಮ್ಲಜನಕ ಕಡಿಮೆ, ಬೇಗ ಮುಗಿದುಹೋಗುತ್ತದೆ. ನಾವಾದರೆ ಸತ್ತೇ ಹೋಗುತ್ತೇವೆ. ಎಷ್ಟೋ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ. ಆಮ್ಲಜನಕ ಇಲ್ಲದಿದ್ದರೆ ನೈಟ್ರೇಟ್, ಅದೂ ಮುಗಿದರೆ ಮಣ್ಣಿನ ಮ್ಯಾಂಗನೀಸ್, ಆಮೇಲೆ ತುಕ್ಕಿನಂಥ ಕಬ್ಬಿಣ, ಆಮೇಲೆ ಸಲ್ಫೇಟ್. ಕೊನೆಗೆ ಏನೂ ಉಳಿಯದಿದ್ದಾಗ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಬಂದು ಮೀಥೇನ್ ಬಿಡುತ್ತವೆ. ಹಳ್ಳಿಯ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಉರಿಯುವುದು ಅದೇ ಮೀಥೇನ್.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕೆಲವು ವಿಷಗಳು ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತವೆ. ಪೆಟ್ರೋಲ್, ಡೀಸೆಲ್, ಬೆಂಜೀನ್ ಹಾಗೆ. ಅವನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಮಾಡುತ್ತವೆ. ಇನ್ನು ಕೆಲವು ವಿಷಗಳು ಊಟವಲ್ಲ, ಎಲೆಕ್ಟ್ರಾನ್ ತೆಗೆದುಕೊಳ್ಳುವ ಕೈಗಳು. ಕ್ರೋಮಿಯಂ-6 ಈ ಸಾಲಿಗೆ ಸೇರಿದ್ದು. ಮೊದಲನೆಯ ಜಾಗದಲ್ಲಿ ಊಟ ಹೇರಳವಾಗಿದೆ, ಉಸಿರಿಗೆ ಕೊರತೆ. ಗಾಳಿ ಊದಬೇಕು, ಗೊಬ್ಬರ ಕೊಡಬೇಕು. ಎರಡನೆಯ ಕಡೆ ಊಟವೇ ಇಲ್ಲ, ಅಲ್ಲಿ ಊಟ ಬಡಿಸಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಯೋಜನೆ ಬರೆದರೆ ದುಡ್ಡು ನೀರಿಗೆ ಹಾಕಿದಂತೆ.

ಪೀಣ್ಯದ ಕತೆ ಎರಡನೆಯದು. 1970ರ ದಶಕದಲ್ಲಿ ಶುರುವಾದ ಈ ಕೈಗಾರಿಕಾ ಪ್ರದೇಶ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಸಾವಿರಾರು ಮನೆಗಳ ಒಲೆ ಉರಿದದ್ದು ಅದರಿಂದ. ನಮ್ಮ ಬೀದಿಯ ಅರ್ಧ ಮನೆಗಳೂ ಅದರಿಂದಲೇ ಕಟ್ಟಿದ್ದು. ಅಲ್ಲಿ ಸಣ್ಣಪುಟ್ಟ ಪ್ಲೇಟಿಂಗ್ ಘಟಕಗಳು ಬಹಳ. ಕಬ್ಬಿಣದ ಸಾಮಾನಿಗೆ ಕ್ರೋಮ್ ಹೊಳಪು ಕೊಡಲು ಕ್ರೋಮಿಕ್ ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರೆ. ಅದ್ದಿ ತೆಗೆದ ಸಾಮಾನು ತೊಳೆದ ನೀರು ಶುದ್ಧೀಕರಣವಾಗದೆ ಚರಂಡಿಗೆ ಹೋದರೆ, ಅದು ಕ್ರೋಮಿಯಂ-6ರ ಹಳದಿ ನೀರು. ಈ ಕ್ರೋಮಿಯಂ ನೀರಿನಲ್ಲಿ ಸಕ್ಕರೆಯ ಹಾಗೆ ಕರಗುತ್ತದೆ. ಮಣ್ಣಿಗೆ ಅಷ್ಟಾಗಿ ಅಂಟುವುದಿಲ್ಲ, ನೀರು ಹೋದಲ್ಲಿಗೆ ತಾನೂ ಹೋಗುತ್ತದೆ. ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದು ಮೊದಲ ಗುಂಪಿನಲ್ಲಿದೆ.

ಆದರೆ ಅದೇ ಕ್ರೋಮಿಯಂ ಮೂರು ಎಲೆಕ್ಟ್ರಾನ್ ತೆಗೆದುಕೊಂಡರೆ ಕ್ರೋಮಿಯಂ-3 ಆಗುತ್ತದೆ. ಅದರ ಗುಣವೇ ಬೇರೆ. ವಿಷ ಬಹಳ ಕಡಿಮೆ. ಸಾಮಾನ್ಯ ಅಂತರ್ಜಲದಲ್ಲಿ ಅದು ಕರಗಿ ಉಳಿಯುವುದಿಲ್ಲ, ಗಸಿಯಾಗಿ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಆ ಮೂರು ಎಲೆಕ್ಟ್ರಾನ್ ಕೊಡುವ ಕೆಲಸ ಬ್ಯಾಕ್ಟೀರಿಯಾ ಮಾಡುತ್ತವೆ. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಬ್ಯಾಕ್ಟೀರಿಯಾ ಕ್ರೋಮಿಯಂ ಅನ್ನು "ತಿಂದು ಮುಗಿಸುತ್ತವೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಮೂಲವಸ್ತು. ಅದನ್ನು ಒಡೆಯಲು ಯಾವ ಜೀವಿಗೂ ಆಗದು. ಅಪಾಯದ ರೂಪದಿಂದ ಸಾಧು ರೂಪಕ್ಕೆ ತಿರುಗಿಸಬಹುದು ಅಷ್ಟೇ. ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಜಾಸ್ತಿ ಇದ್ದರೆ ಅದು ಮತ್ತೆ ಹಳೆಯ ರೂಪಕ್ಕೆ ಮರಳಲೂಬಹುದು. ಅದಕ್ಕೇ ವರ್ಷಗಟ್ಟಲೆ ಕಾವಲು ಬೇಕು.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಜ್ಜಿಯ ಬೋರಿನ ನೀರನ್ನು ಎರಡು ಗಾಜಿನ ಬಾಟಲಿಗೆ ತುಂಬಿದೆ. ಚರಂಡಿ ಪಕ್ಕದಲ್ಲಿ ಒಂದೂವರೆ ಅಡಿ ಅಗೆದು ತೆಗೆದ ಮಣ್ಣನ್ನು ಎರಡಕ್ಕೂ ಒಂದೊಂದು ಹಿಡಿ ಹಾಕಿದೆ. ಒಂದು ಬಾಟಲಿಯ ಮಣ್ಣನ್ನು ಮೊದಲೇ ಆಟೋಕ್ಲೇವ್‌ನಲ್ಲಿ ಬೇಯಿಸಿ ಅದರ ಜೀವಿಗಳನ್ನೆಲ್ಲ ಕೊಂದಿದ್ದೆ. ಎರಡಕ್ಕೂ ಒಂದೊಂದು ಚಮಚ ಕಾಕಂಬಿ ನೀರು ಬಿಟ್ಟು, ಬಿರಡೆ ಬಿಗಿದು, ಕಪಾಟಿನಲ್ಲಿ ಇಟ್ಟೆ. ಕಾಕಂಬಿಯ ಕಂದು ಬಣ್ಣದಲ್ಲಿ ಹಳದಿ ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ದಿನ ಬಿಟ್ಟು ದಿನ ಚೂರು ನೀರು ಸೋಸಿ ತೆಗೆದು, ನೇರಳೆ ಬಣ್ಣದ ಪರೀಕ್ಷೆ ಮಾಡುತ್ತಿದ್ದೆವು. ಮೊದಲ ಎರಡು ಸಲ ಎರಡೂ ಟ್ಯೂಬು ಒಂದೇ ನೇರಳೆ. ಆಮೇಲೆ ಜೀವ ಇರುವ ಬಾಟಲಿಯ ಟ್ಯೂಬು ಗುಲಾಬಿಗೆ ಇಳಿಯಿತು. ಆಮೇಲೆ ತೆಳು ಗುಲಾಬಿ. ಒಂದು ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಾರ್, ದ್ರಾವಣ ಹಾಕೋದು ಮರೆತ್ನೇನೋ" ಅಂದಳು. ಮರೆತಿರಲಿಲ್ಲ. ಬಣ್ಣ ಬರಲು ಕ್ರೋಮಿಯಂ-6 ಉಳಿದಿರಲಿಲ್ಲ. ಬೇಯಿಸಿದ ಮಣ್ಣಿನ ಬಾಟಲಿಯಲ್ಲೂ ಬಣ್ಣ ಸ್ವಲ್ಪ ತಗ್ಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಣ್ಣಿನ ಕಬ್ಬಿಣ ಮತ್ತು ಕಾಕಂಬಿ ತಾವಾಗಿಯೇ ಚೂರು ಕೆಲಸ ಮಾಡುತ್ತವೆ. ಆದರೆ ಅದು ನೇರಳೆಯಾಗಿಯೇ ಉಳಿಯಿತು.

ಬಾಟಲಿಯಲ್ಲಿ ಆದದ್ದು ನೆಲದಲ್ಲಿ ಆಗುತ್ತದಾ? ಆಗಿದೆ. ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯೊಂದರ ಕಸ ದೊಡ್ಡ ಗುಡ್ಡವಾಗಿ ಬಿದ್ದಿದೆ. ಅದರ ವಿಷ ಇಳಿಯುತ್ತಿರುವುದು ಪಾಲಾರ್ ನದಿಯ ಬಯಲಿನ ನೆಲಕ್ಕೆ. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಕಡೆ. ಅಲ್ಲಿ ಐಐಟಿ ಮದ್ರಾಸ್‌ನ ಸಂಶೋಧಕರು ಅದೇ ಜಾಗದ ಮಣ್ಣಿನ ಬ್ಯಾಕ್ಟೀರಿಯಾವನ್ನೇ ಬೆಳೆಸಿ, ನೆಲದೊಳಗೆ ನೀರಿಗೆ ಅಡ್ಡಲಾಗಿ ಬ್ಯಾಕ್ಟೀರಿಯಾದ ಬೇಲಿ ಕಟ್ಟಿದ ಹಾಗೆ ಮಾಡಿ ಪ್ರಯೋಗ ನಡೆಸಿದ್ದಾರೆ. ಹೊರದೇಶದ ಔಷಧಿಯಲ್ಲ, ಅಲ್ಲಿಯದೇ ಮಣ್ಣಿನ ಜೀವಿಗಳು.

ಇದಕ್ಕಿಂತ ದೊಡ್ಡ ಮಟ್ಟದಲ್ಲಿ ನಡೆದಿರುವುದು ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಮರಳುಗಾಡಿನ ಊರಿನಲ್ಲಿ. 1952ರಿಂದ 1966ರವರೆಗೆ ಅಲ್ಲಿನ ಗ್ಯಾಸ್ ಪೈಪ್‌ಲೈನ್ ಸ್ಟೇಷನ್ನಿನ ಕೂಲಿಂಗ್ ಟವರ್‌ಗಳಿಗೆ ತುಕ್ಕು ಹಿಡಿಯದಿರಲೆಂದು ಕ್ರೋಮಿಯಂ-6 ಬಳಸಿ, ಆ ನೀರನ್ನು ತಳಕ್ಕೆ ಏನೂ ಹಾಸದ ಹೊಂಡಗಳಿಗೆ ಬಿಟ್ಟರು. 1996ರಲ್ಲಿ ಕಂಪನಿ ಊರಿನವರಿಗೆ 33 ಕೋಟಿ 30 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅಷ್ಟು ಸುದ್ದಿಯಾದದ್ದು ದುಡ್ಡು. ಆಮೇಲೆ ನೆಲದೊಳಗೆ ನಡೆದದ್ದು ಅಷ್ಟು ಸುದ್ದಿಯಾಗಲಿಲ್ಲ. ಬಾವಿಗಳ ಸಾಲಿನಿಂದ ಎಥನಾಲ್ ಒಳಗೆ ಬಿಟ್ಟು, ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುತ್ತಾ ಬಂದರು. ಅವು ಆಮ್ಲಜನಕ ಮುಗಿಸಿ, ನೈಟ್ರೇಟ್ ಮುಗಿಸಿ, ಕ್ರೋಮಿಯಂಗೆ ಕೈಹಾಕುತ್ತವೆ. ಇನ್ನೊಂದು ಕಡೆ ಅದೇ ನೀರನ್ನು ಮೇಲೆತ್ತಿ ಕುದುರೆ ಮಸಾಲೆ ಮೇವು ಬೆಳೆಯುವ ಹೊಲಗಳಿಗೆ ಹಾಯಿಸುತ್ತಾರೆ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಕ್ರೋಮಿಯಂ-6 ಕ್ರೋಮಿಯಂ-3 ಆಗಿ ಅಲ್ಲೇ ಉಳಿಯುತ್ತದೆ. ನಮ್ಮ ರೈತರು ಹಸುವಿಗೆ ಹಾಕುವ ಅದೇ ಕುದುರೆ ಮಸಾಲೆ. ಇದನ್ನು ಓದಿ ಯಾರೂ ತಮ್ಮ ಹೊಲದಲ್ಲಿ ಪ್ರಯತ್ನ ಮಾಡಬೇಡಿ ದಯವಿಟ್ಟು. ಅಲ್ಲಿ ಅದನ್ನು ತಜ್ಞರು ಅಳೆದು ಅಳೆದು ಮಾಡುತ್ತಾರೆ.

ಹಿಂಕ್ಲಿಯಲ್ಲಿ ಕೆಲಸ ಇನ್ನೂ ಮುಗಿದಿಲ್ಲ. ಊಟ ಜಾಸ್ತಿಯಾದಾಗ ಬ್ಯಾಕ್ಟೀರಿಯಾಗಳು ಕ್ರೋಮಿಯಂ ದಾಟಿ ಮುಂದೆ ಹೋಗಿ ಮಣ್ಣಿನ ಮ್ಯಾಂಗನೀಸ್, ಕಬ್ಬಿಣವನ್ನೂ ಕರಗಿಸುತ್ತವೆ. ಅದರ ಜೊತೆ ಆರ್ಸೆನಿಕ್ ಕೂಡ ನೀರಿಗೆ ಬರಬಹುದು. ಒಂದು ವಿಷ ಕಳೆದು ಇನ್ನೊಂದು ತಂದಂತಾಗುತ್ತದೆ. ಹಾಗಾಗಿ ಕಾಕಂಬಿ ಸುರಿದು ಮನೆಗೆ ಹೋಗುವ ಕೆಲಸ ಇದಲ್ಲ.

ಪೆಟ್ರೋಲ್ ವಿಷಯಕ್ಕೂ ಒಂದು ಮಾತು. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ತುಕ್ಕು ಹಿಡಿದು ಸೋರಿದರೆ ಅಕ್ಕಪಕ್ಕದ ಬೋರಿನಲ್ಲಿ ಬೆಂಜೀನ್ ಬರುತ್ತದೆ. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಮೆರಿಕದ ಮಿನ್ನೆಸೋಟದ ಬೆಮಿಜಿ ಊರಿನ ಹತ್ತಿರ 1979ರ ಆಗಸ್ಟ್ 20ರಂದು ಕಚ್ಚಾ ತೈಲದ ಪೈಪು ಒಡೆದು ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. ಬಾಚಿ ಬಳಿದ ಮೇಲೂ 4 ಲಕ್ಷ ಲೀಟರ್‌ನಷ್ಟು ನೆಲದೊಳಗೇ ಉಳಿಯಿತು. 1983ರಿಂದ ವಿಜ್ಞಾನಿಗಳು ಆ ಜಾಗವನ್ನು ಬಿಡದೆ ನೋಡುತ್ತಾ ಇದ್ದಾರೆ. ಅಂತರ್ಜಲದೊಡನೆ ಮುಂದಕ್ಕೆ ಹರಿಯುವ ಬೆಂಜೀನ್‌ನಂಥ ವಿಷವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತಿರುವುದರಿಂದ, ಅದು ಲೆಕ್ಕದ ಪ್ರಕಾರ ಹೋಗಬೇಕಿದ್ದಷ್ಟು ದೂರ ಹೋಗಿಲ್ಲ. ಆದರೆ ನಲವತ್ತು ವರ್ಷ ಕಳೆದರೂ ತೈಲ ಪೂರ್ತಿ ಹೋಗಿಲ್ಲ. ಅದೇ ದೇಶದ ಹಾನಹಾನ್ ಎಂಬ ಊರಿನಲ್ಲಿ 1975ರಲ್ಲಿ ಮಿಲಿಟರಿ ಡಿಪೋದಿಂದ ಸುಮಾರು 3 ಲಕ್ಷ ಲೀಟರ್ ಜೆಟ್ ಇಂಧನ ಸೋರಿ, ಹತ್ತು ವರ್ಷದಲ್ಲಿ ಜನವಸತಿಯ ಹತ್ತಿರ ಬಂತು. 1992ರಲ್ಲಿ ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಪೋಷಕಾಂಶ ಇಳಿಸಿದರು. ಒಂದೇ ವರ್ಷದಲ್ಲಿ ಮಾಲಿನ್ಯ ಮುಕ್ಕಾಲು ಪಾಲು ಇಳಿಯಿತು. ಸುಮ್ನೆ ಬಿಡುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅಷ್ಟು.

ಇನ್ನೊಂದು ವಿಷ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್. ಇದು ನೀರಿಗಿಂತ ಭಾರ, ಅಂತರ್ಜಲದ ತಳಕ್ಕೇ ಇಳಿದು ಕೂರುತ್ತದೆ. ಬ್ಯಾಕ್ಟೀರಿಯಾಗಳು ಇದರ ಒಂದೊಂದೇ ಕ್ಲೋರಿನ್ ಕಿತ್ತು ಹಾಕುತ್ತವೆ. ತೊಂದರೆ ಏನೆಂದರೆ ಬಹಳ ಬ್ಯಾಕ್ಟೀರಿಯಾಗಳು ಅರ್ಧ ದಾರಿಗೇ ನಿಲ್ಲುತ್ತವೆ. ಹಾದಿಯಲ್ಲಿ ಸಿಗುವ ವಿನೈಲ್ ಕ್ಲೋರೈಡ್ ಮೊದಲಿನದಕ್ಕಿಂತ ಕೆಟ್ಟದ್ದು. ಕೊನೆಯವರೆಗೆ ಕೊಂಡೊಯ್ದು ಎಥಿಲೀನ್ ಮಾಡುವುದು ಡಿಹ್ಯಾಲೋಕಾಕಾಯ್ಡಿಸ್ ಎಂಬ ಗುಂಪು. ಕಾರ್ನೆಲ್ ವಿಶ್ವವಿದ್ಯಾಲಯದವರು 1997ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಅದು ಇದೆಯೋ ಇಲ್ಲವೋ ಎಂದು ಡಿಎನ್‌ಎ ಪರೀಕ್ಷೆಯಲ್ಲಿ ತಿಳಿಯುತ್ತದೆ. ಆ ಪರೀಕ್ಷೆ ಮಾಡದೆ "ಪ್ರಕೃತಿಯೇ ನೋಡಿಕೊಳ್ಳುತ್ತದೆ" ಅಂತ ಯಾವ ವರದಿಯಲ್ಲಾದರೂ ಬರೆದಿದ್ದರೆ, ದಯವಿಟ್ಟು ಅದನ್ನು ಒಪ್ಪಬೇಡಿ.

ನನ್ನ ನಿಜವಾದ ಭಯ ಇದೇ. ಬ್ಯಾಕ್ಟೀರಿಯಾ ಮಾಡುತ್ತವೆ ಎಂಬ ಮಾತು ಏನೂ ಮಾಡದೇ ಇರುವವರಿಗೆ ನೆಪ ಆಗಬಾರದು. ಮೇಲಿನಿಂದ ಹಳದಿ ನೀರು ಬರುತ್ತಲೇ ಇದ್ದರೆ ಕೆಳಗಿನ ಬ್ಯಾಕ್ಟೀರಿಯಾ ಏನು ಮಾಡಿಯಾವು? ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟು ನೆಲ ಒರೆಸಿದ ಹಾಗಾಗುತ್ತದೆ. ಮೊದಲು ನಲ್ಲಿ ನಿಲ್ಲಿಸಬೇಕು. ಘಟಕಗಳ ತೊಳೆದ ನೀರು ಶುದ್ಧೀಕರಣ ಘಟಕಕ್ಕೆ ಹೋಗಬೇಕು, ಚರಂಡಿಗಲ್ಲ. ಸಣ್ಣ ಘಟಕದ ಮಾಲೀಕರಿಗೆ ಒಬ್ಬೊಬ್ಬರೇ ಅದನ್ನು ಕಟ್ಟಿಕೊಳ್ಳಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಅವರಿಗೆ ಸೇರಿ ಬಳಸುವ ವ್ಯವಸ್ಥೆ ಬೇಕು, ಅದಕ್ಕೆ ಕಾವಲೂ ಬೇಕು.

ನಮ್ಮ ನೆಲ ಮಿನ್ನೆಸೋಟದ ಮರಳಲ್ಲ ಅನ್ನುವುದನ್ನೂ ಮರೆಯಬಾರದು. ಇಲ್ಲಿ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಶಿಥಿಲವಾದ ಪುಡಿಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ನೀರು ಹರಿಯುವುದು ಬಿರುಕಿನ ಸೆಲೆಗಳಲ್ಲಿ ಮಾತ್ರ. ಒಂದು ಬೋರಿನಲ್ಲಿ ಹಳದಿ, ಹತ್ತಿರದ ಇನ್ನೊಂದರಲ್ಲಿ ತಿಳಿ, ಇದು ನಮ್ಮಲ್ಲಿ ಸಾಮಾನ್ಯ. ಊಟ ಒಂದು ಬೋರಿಗೆ ಬಿಟ್ಟರೆ ಅದು ಯಾವ ಬಿರುಕು ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ತಿಳಿದಿರಬೇಕು. ಬಿರುಕಿಗಿಂತ ಮೇಲಿನ ಪುಡಿಕಲ್ಲಿನ ಪದರದಲ್ಲೇ ಬ್ಯಾಕ್ಟೀರಿಯಾಗೆ ಕೂರಲು ಜಾಗ ಜಾಸ್ತಿ. ಹಾಗಾಗಿ ಅಲ್ಲಿಂದ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಗರದ ಒಳಚರಂಡಿ ಸೋರಿ ಅಂತರ್ಜಲಕ್ಕೆ ನೈಟ್ರೇಟ್ ಸೇರಿರುವ ಕಡೆ ಇನ್ನೊಂದು ಲೆಕ್ಕ ಬೇಕು. ಬ್ಯಾಕ್ಟೀರಿಯಾಗಳು ಮೊದಲು ಆ ನೈಟ್ರೇಟ್‌ಗೇ ಕೈಹಾಕುತ್ತವೆ. ಬಡಿಸಿದ ಊಟ ಅಲ್ಲೇ ಖರ್ಚಾದರೆ ಕ್ರೋಮಿಯಂವರೆಗೆ ತಲುಪುವುದಿಲ್ಲ.

ಅದಕ್ಕೇ ಕೇಳುತ್ತಿರುವುದು: ಯೋಜನೆ ಬರೆಯುವ ಮುಂಚೆ ಪ್ರತಿ ಜಾಗದಲ್ಲೂ ಕ್ರೋಮಿಯಂ ಒಂದನ್ನೇ ಅಳೆಯಬೇಡಿ. ನೀರಿನ ಆಮ್ಲಜನಕ, ನೈಟ್ರೇಟ್, ಕಬ್ಬಿಣ, ಮ್ಯಾಂಗನೀಸ್, ಸಲ್ಫೇಟ್, ಕಾರ್ಬನ್ ಎಲ್ಲವನ್ನೂ ಅಳೆಯಿರಿ. ಬ್ಯಾಕ್ಟೀರಿಯಾ ಎಷ್ಟಿವೆ, ಯಾವುವು ಅಂತ ನೋಡಿ. ಖರ್ಚು ಜಾಸ್ತಿ ಅನ್ನಿಸಬಹುದು. ಮಣ್ಣನ್ನೆಲ್ಲ ಅಗೆದು ಲಾರಿಯಲ್ಲಿ ಬೇರೆ ಊರಿಗೆ ಸಾಗಿಸುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಆ ಬೇರೆ ಊರಿನವರೂ ನಮ್ಮವರೇ ಅಲ್ವಾ?

ಕೆಟ್ಟ ಬೋರುಗಳನ್ನೆಲ್ಲ ಕಲ್ಲು ತುಂಬಿ ಮುಚ್ಚಿಸಬೇಡಿ. ಮಕ್ಕಳು ಬೀಳದಂತೆ ಗಟ್ಟಿ ಮುಚ್ಚಳ ಇರಲಿ, ಪಂಪು ತೆಗೆದಿರಲಿ. ಆದರೆ ಕೆಲವನ್ನಾದರೂ ಪರೀಕ್ಷೆಗೆಂದು ಉಳಿಸಿಕೊಳ್ಳಿ. ನೆಲದೊಳಗೆ ಏನಾಗುತ್ತಿದೆ ಅಂತ ಇಣುಕಿ ನೋಡಲು ನಮಗಿರುವ ಕಿಟಕಿ ಅವೇ. ಪ್ಯಾಕೆಟ್ ಪುಡಿ ಮಾರುವವರು ಬರುತ್ತಾರೆ, "ಒಂದು ಕೆಜಿ ಹಾಕಿದರೆ ಬೋರು ಶುದ್ಧ" ಅಂತಾರೆ. ಹೊರಗಿನ ಬ್ಯಾಕ್ಟೀರಿಯಾ ಬೇಕಾಗುವ ಸಂದರ್ಭಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಇಲ್ಲಿಯ ಮಣ್ಣಿನಲ್ಲಿ, ಜೀವ ಇರುವ ಬಾಟಲಿ ಮತ್ತು ಬೇಯಿಸಿದ ಬಾಟಲಿ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಮಾತ್ರ ಅವರಿಗೆ ಒಂದು ರೂಪಾಯಿ ಕೊಡಿ.

ಫಲಿತಾಂಶಗಳನ್ನು ಕನ್ನಡದಲ್ಲಿ, ಬೀದಿ ಮಟ್ಟದ ನಕ್ಷೆಯ ಜೊತೆ ಹೊರಗಿಡಿ. ಜನ ಗಾಬರಿ ಬೀಳುತ್ತಾರೆ ಅಂತ ಒಬ್ಬ ಅಧಿಕಾರಿ ಒಮ್ಮೆ ನನಗೆ ಹೇಳಿದ್ದರು. ಅಜ್ಜಿ ಗಾಬರಿ ಬೀಳಲಿಲ್ಲ. ಬಕೆಟ್ ಹಿಡಿದು ಬಂದು ಕೇಳಿದರು. ಗೊತ್ತಾದ ದಿನದಿಂದ ಆ ನೀರು ಕುಡಿಯುವುದು ಬಿಟ್ಟರು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಎಷ್ಟು ಕುಡಿದರು ಅನ್ನುವುದಕ್ಕೆ ಲೆಕ್ಕ ಇಲ್ಲ.

ಮೊದಲು ಒಂದೇ ಒಂದು ಬೀದಿಯಲ್ಲಿ ಮಾಡಿ ನೋಡಿ. ನಮ್ಮ ಬೀದಿಯೇ ಆಗಬಹುದು. ಆ ಬೋರು ಇನ್ನೂ ಮುಚ್ಚಿಹೋಗಿಲ್ಲ, ಕೇಸಿಂಗ್ ಪೈಪಿನ ಮೇಲೆ ಕಬ್ಬಿಣದ ಮುಚ್ಚಳ ಇದೆ, ಬೀಗದ ಕೈ ಅಜ್ಜಿಯ ಮಗನ ಹತ್ತಿರ ಇದೆ. ತಿಂಗಳಿಗೊಮ್ಮೆ ಸ್ಯಾಂಪಲ್ ತೆಗೆದು ಕೊಡಲು ನನ್ನ ವಿದ್ಯಾರ್ಥಿಗಳು ಒಪ್ಪಿದ್ದಾರೆ. ಬಾಟಲಿಗಳು ನಮ್ಮವು. ನಿಮ್ಮ ಕಡೆಯಿಂದ ಒಬ್ಬ ಭೂಗರ್ಭ ತಜ್ಞರು ಬಂದರೆ ಸಾಕು. ಯಾವ ಶನಿವಾರ ಬರುತ್ತೀರಿ ಅಂತ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಪಕ್ಕದ ಒಬ್ಬ ಮೈಕ್ರೋಬಯಾಲಜಿ ಮೇಷ್ಟ್ರು